ಎರಡು ವರ್ಷದ ಮಾತು

1984ರ ಏಪ್ರಿಲ್ 23ರಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ವಾಷಿಂಗ್ಟನ್‌ನಲ್ಲಿ ಪತ್ರಕರ್ತರನ್ನು ಕರೆದು, ಏಡ್ಸ್‌ಗೆ ಕಾರಣವಾದ ವೈರಸ್ ಸಿಕ್ಕಿದೆ, ಸುಮಾರು ಎರಡು ವರ್ಷದಲ್ಲಿ ಲಸಿಕೆ ಪರೀಕ್ಷೆಗೆ ಸಿದ್ಧವಾಗಬಹುದು ಅಂದರು. ಸಾಫ್ಟ್‌ವೇರ್‌ನವರ ಡೆಡ್‌ಲೈನ್ ನೋಡಿ ನಗುವವರು ಇದನ್ನೂ ನೋಡಬೇಕು. ನಲವತ್ತು ವರ್ಷ ದಾಟಿತು, ಲಸಿಕೆ ಇನ್ನೂ ಇಲ್ಲ. ಹಾಗಂತ ಹೆಕ್ಲರ್ ಅವರನ್ನು ಆಡಿಕೊಳ್ಳೋದು ಸರಿಯಲ್ಲ. ಪೋಲಿಯೊ, ದಡಾರದ ಅನುಭವ ಹಾಗೇ ಇತ್ತು: ವೈರಸ್ಸನ್ನು ಹಿಡಿ, ಅದರ ಕಸುವು ತೆಗೆ, ಲಸಿಕೆ ಕೊಡು. ಹಿಡಿದದ್ದು ಒಂದೇ ಒಂದು ವೈರಸ್ ಆಗಿದ್ದರೆ ಈ ಲೆಕ್ಕ ನಡೀತಿತ್ತೇನೋ.

ಎಚ್‌ಐವಿಯ ಇಡೀ ಸೋರ್ಸ್ ಕೋಡ್ ಹತ್ತು ಸಾವಿರ ಅಕ್ಷರಕ್ಕಿಂತ ಸ್ವಲ್ಪ ಕಡಿಮೆ. ಅದನ್ನು ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಕಿಣ್ವ, ಬರೆದದ್ದನ್ನು ತಿರುಗಿ ಓದೋದಿಲ್ಲ. ಔಷಧಿ ತಗೊಳ್ಳದ ಸೋಂಕಿತರ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಹುಟ್ಟುತ್ತವೆ. ಸಾಲದ್ದಕ್ಕೆ, ಎರಡು ಬೇರೆ ವೈರಸ್‌ಗಳು ಒಂದೇ ಜೀವಕೋಶ ಹೊಕ್ಕರೆ ಎರಡರ ಕೋಡೂ ಬೆರೆತು ಮೂರನೆಯದು ಹೊರಬರಬಹುದು. ರಿವ್ಯೂ ಇಲ್ಲದ ಮರ್ಜ್!

ಇದು ಎಷ್ಟು ಕಾಲದಿಂದ ನಡೆದಿದೆ ಅನ್ನೋದಕ್ಕೆ ಸಾಕ್ಷಿ ಸಿಕ್ಕಿದ್ದು ಕಾಂಗೋದ ಕಿನ್ಶಾಸಾದಲ್ಲಿ. ಬೆಲ್ಜಿಯಂ ಆಳ್ವಿಕೆಯಲ್ಲಿ ಆ ಊರಿನ ಹೆಸರು ಲಿಯೋಪೋಲ್ಡ್‌ವಿಲ್. ಅಲ್ಲಿ 1959ರಲ್ಲಿ ಒಬ್ಬ ಗಂಡಸಿನಿಂದ ತೆಗೆದಿಟ್ಟ ರಕ್ತ, 1960ರಲ್ಲಿ ಒಬ್ಬ ಹೆಂಗಸಿನಿಂದ ತೆಗೆದು ಮೇಣದಲ್ಲಿ ಕಾಪಿಟ್ಟ ದುಗ್ಧಗ್ರಂಥಿಯ ಚೂರು, ಎರಡರಲ್ಲೂ ಎಚ್‌ಐವಿ ಇತ್ತು. 2008ರಲ್ಲಿ ಮೈಕಲ್ ವೊರೊಬಿ ಅವರ ತಂಡ ಎರಡನ್ನೂ ಹೋಲಿಸಿ ನೋಡಿದರೆ, ಹೋಲಿಸಿದ ಭಾಗದಲ್ಲಿ ಸುಮಾರು ಶೇ. 12ರಷ್ಟು ವ್ಯತ್ಯಾಸ. ಒಂದೇ ಊರು, ಒಂದೇ ವರ್ಷದ ಅಂತರ! ಅಷ್ಟು ದೂರ ಸರಿಯೋಕೆ ದಶಕಗಳೇ ಬೇಕು. ಹಿಂದಕ್ಕೆ ಲೆಕ್ಕ ಹಾಕಿದಾಗ ಮೂಲ ವೈರಸ್ 1884–1924ರ ನಡುವಿನದ್ದು ಅಂತಾಯಿತು. ಅಂದ್ರೆ ಹೆಕ್ಲರ್ ಮೈಕ್ ಮುಂದೆ ನಿಂತಾಗ ಅದಕ್ಕೆ ಅರವತ್ತು ವರ್ಷವಾದರೂ ಆಗಿತ್ತು, ಹಲವು ಕವಲೊಡೆದು ಖಂಡಗಳನ್ನು ದಾಟಿತ್ತು.

ಆ ಕವಲುಗಳೇ ಸಬ್‌ಟೈಪ್‌ಗಳು. ಅಮೆರಿಕ, ಪಶ್ಚಿಮ ಯುರೋಪಿನಲ್ಲಿ ಹೆಚ್ಚು ಕಂಡದ್ದು 'ಬಿ'. ದಕ್ಷಿಣ ಆಫ್ರಿಕಾ, ಇಥಿಯೋಪಿಯಾ, ನಮ್ಮ ಭಾರತದಲ್ಲಿ 'ಸಿ'. ಜಗತ್ತಿನ ಸೋಂಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಇದೇ. ಆದರೆ ಮೊದಮೊದಲ ಲಸಿಕೆಗಳು ಬಹುತೇಕ ಬಿ ನೋಡಿಕೊಂಡು ಮಾಡಿದವು. ಲ್ಯಾಬೂ ದುಡ್ಡೂ ಇದ್ದ ಕಡೆಯ ವೈರಸ್ ಅದು ತಾನೇ. ಸಿಯನ್ನು ವರ್ಷಗಟ್ಟಲೆ ಬೆನ್ನುಹತ್ತಿದವರಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಉದಯಕುಮಾರ್ ರಂಗ ಅವರ ತಂಡವೂ ಇದೆ. ವೈರಸ್ಸನ್ನು ಆನ್ ಮಾಡುವ ಸ್ವಿಚ್ಚು ಒಂದು ಹೆಚ್ಚಿಗೆ ಇರುವ ತಳಿಗಳನ್ನು ಅವರು ಭಾರತದಲ್ಲೇ ಕಂಡರು.

ಹಾಗಾದರೆ ಆಯಾ ಊರಿನ ವೈರಸ್ಸಿಗೆ ತಕ್ಕ ಲಸಿಕೆ ಮಾಡಿದ್ರೆ? ಅದನ್ನೂ ಮಾಡಿ ನೋಡಿದರು. ಥಾಯ್ಲೆಂಡಿನಲ್ಲಿ 16,402 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಲಸಿಕೆ ಪಡೆದವರಲ್ಲಿ 51, ಬರೀ ಹುಸಿ ಚುಚ್ಚುಮದ್ದು ಪಡೆದವರಲ್ಲಿ 74 ಮಂದಿಗೆ ಸೋಂಕು. ಶೇ. 31ರ ರಕ್ಷಣೆ ಅಂತ 2009ರಲ್ಲಿ ಸುದ್ದಿಯಾಯಿತು. ಸಾಲದು, ಆದರೂ ಏನೋ ಸಿಕ್ಕಿತು. ಅದೇ ಲಸಿಕೆಯನ್ನು ಸಿಗೆ ಹೊಂದಿಸಿ 2016ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ 5,407 ಜನರ ಪರೀಕ್ಷೆ ಶುರು ಮಾಡಿದರು. 2020ರ ಫೆಬ್ರವರಿಯಲ್ಲಿ ನಿಲ್ಲಿಸಬೇಕಾಯಿತು: ಲಸಿಕೆಯ ಗುಂಪಿನಲ್ಲಿ 129, ಇನ್ನೊಂದರಲ್ಲಿ 123. ಲಸಿಕೆಯಿಂದ ಸೋಂಕು ಬಂದದ್ದಲ್ಲ, ಅದು ತಡೆಯಲಿಲ್ಲ ಅಷ್ಟೆ. ನಮಗೆ ಇವು ಸ್ಲೈಡಿನ ಮೇಲಿನ ಎರಡು ಅಂಕಿ. ಆದರೆ ಆ 252 ಮಂದಿ ತಾವಾಗೇ ಬಂದು ತೋಳು ಕೊಟ್ಟವರು.

ಇನ್ನೊಂದು ಪ್ರಯತ್ನ ನಮ್ಮ ಕಸುಬಿಗೆ ಹತ್ತಿರದ್ದು. ಲಾಸ್ ಅಲಮೋಸ್‌ನ ಬೆಟ್ ಕೋರ್ಬರ್ ಮತ್ತು ಜೊತೆಗಾರರು ಪ್ರಪಂಚದ ಎಚ್‌ಐವಿ ಅನುಕ್ರಮಗಳನ್ನು ಜೆನೆಟಿಕ್ ಅಲ್ಗಾರಿದಮ್ಮಿಗೆ ಕೊಟ್ಟು, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಆದರೆ ಎಲ್ಲ ಕವಲುಗಳ ತುಂಡುಗಳಿರುವ 'ಮೊಸಾಯಿಕ್' ಪ್ರೋಟೀನು ವಿನ್ಯಾಸ ಮಾಡಿದರು. ಮಂಗಗಳಲ್ಲಿ ಫಲಿತಾಂಶ ಚೆನ್ನಾಗೇ ಬಂತು. ಆಫ್ರಿಕಾದ ಸುಮಾರು 2,600 ಹೆಂಗಸರ ಪರೀಕ್ಷೆ 2021ರಲ್ಲಿ ಸೋತಿತು, ಅಮೆರಿಕ–ಯುರೋಪಿನದ್ದು 2023ರ ಜನವರಿಯಲ್ಲಿ. ನನಗನ್ನಿಸೋದು, ವೈವಿಧ್ಯ ಅರ್ಧ ಕಥೆ ಮಾತ್ರ. ವೈರಸ್ಸಿನಲ್ಲಿ ಬದಲಾಗದ ಜಾಗಗಳೂ ಇವೆ, ಆದರೆ ಅವನ್ನದು ಸಕ್ಕರೆ ಅಣುಗಳ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದೆ.

ಕೆಲವು ಸೋಂಕಿತರ ಮೈ ವರ್ಷಗಳಾದ ಮೇಲೆ ಆ ಜಾಗಗಳನ್ನೇ ಹಿಡಿಯುವ ಪ್ರತಿಕಾಯ ಮಾಡುತ್ತೆ. ಅವನ್ನು ಸೋಂಕಿಲ್ಲದವರಲ್ಲಿ ಹಂತಹಂತವಾಗಿ ಬೆಳೆಸೋದು ಈಗಿನ ದಾರಿ. ಮೊದಲ ಹಂತದ ಲಸಿಕೆ ಪಡೆದ 36 ಜನರಲ್ಲಿ 35 ಮಂದಿಯಲ್ಲಿ ಬೇಕಾದ ಮೂಲಕೋಶಗಳು ಎಚ್ಚೆತ್ತವು ಅಂತ 2022ರಲ್ಲಿ ಪ್ರಕಟವಾಯಿತು. ಅವರಿಗೆ ಯಾರಿಗೂ ಇನ್ನೂ ರಕ್ಷಣೆ ಸಿಕ್ಕಿಲ್ಲ. ಮುಂದಿನ ಚುಚ್ಚುಮದ್ದಿನಲ್ಲಿ ಏನಿರಬೇಕು ಅನ್ನೋದರ ಮೇಲೆ ಕೆಲಸ ನಡೀತಿದೆ.