ಬ್ರಹ್ಮಕಮಲ

ಬ್ರಹ್ಮಕಮಲ: ಪಾಪಾಸುಕಳ್ಳಿಯ ಕುಟುಂಬವಾದ ಕ್ಯಾಕ್ಟೇಸಿಗೆ ಸೇರಿದ, ರಾತ್ರಿ ಅರಳುವ ಅಪ್ಪುಗಿಡ. ಶಾಸ್ತ್ರೀಯ ನಾಮ ಎಪಿಫಿಲಮ್ ಆಕ್ಸಿಪೆಟಾಲಮ್. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲ ಸುತ್ತಲಿನ ತೇವದ ಕಾಡುಗಳು ಇದರ ತವರು. ಅಲ್ಲಿ ಮರದ ಕವಲುಗಳಲ್ಲಿ ಕೊಳೆತ ತರಗೆಲೆಯ ನಡುವೆ ಬೇರುಬಿಡುತ್ತದೆ. ಬದನಿಕೆಯಂತೆ ಆಸರೆಯ ಮರದ ರಸ ಹೀರುವುದಿಲ್ಲ. ಎಲೆಯೆಂದು ತೋರುವುದು ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಿಂದಲೇ ಮೊಗ್ಗು ಹೊರಡುತ್ತದೆ. 30 ಸೆಂ.ಮೀ. ಉದ್ದದವರೆಗೂ ಬೆಳೆಯಬಲ್ಲ ಬಿಳಿ ಹೂ ಕತ್ತಲಾದ ಮೇಲೆ ಬಿರಿದು ಬೆಳಗಿನೊಳಗೆ ಬಾಡುತ್ತದೆ. ಅದರ ಬಿಳುಪು, ಗಾಢ ಪರಿಮಳ, ನೀಳ ಕೊಳವೆ ಎಲ್ಲವೂ ಉದ್ದ ನಾಲಗೆಯ ಇರುಳು ಪತಂಗಗಳಿಗೆ ಒಗ್ಗಿದ ಲಕ್ಷಣಗಳು. ಸ್ವಿಟ್ಸರ್ಲೆಂಡಿನ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ 1828ರಲ್ಲಿ ಇದನ್ನು ಸೀರಿಯಸ್ ಜಾತಿಯಲ್ಲಿಟ್ಟು ವರ್ಣಿಸಿದ. ಮರುವರ್ಷವೇ ಇಂಗ್ಲೆಂಡಿನ ಹಾವರ್ತ್, ತಾನು 1812ರಲ್ಲಿ ರಚಿಸಿದ್ದ ಎಪಿಫಿಲಮ್ ಜಾತಿಗೆ ಇದನ್ನು ಸೇರಿಸಿದ. ಹತ್ತೊಂಬತ್ತನೆಯ ಶತಮಾನದ ಹಲವು ಗ್ರಂಥಗಳು ಫಿಲೊಕ್ಯಾಕ್ಟಸ್ ಎಂದು ಕರೆದರೂ ಉಳಿದದ್ದು ಹಾವರ್ತನ ಹೆಸರೇ.

ಕರ್ನಾಟಕದ ಮನೆಯಂಗಳಗಳಲ್ಲಿ ಈ ಹೂವಿಗೆ ಆರತಿ ಎತ್ತುವ ರೂಢಿಯುಂಟು. ಇದು ಪುರಾಣಕಾಲದಿಂದ ಇಲ್ಲಿಯೇ ಇದ್ದ ಗಿಡವೆಂಬ ನಂಬಿಕೆಯೂ ಬಲವಾಗಿದೆ. ಸಸ್ಯದ ಸಾಕ್ಷ್ಯ ಇದನ್ನು ಒಪ್ಪುವುದಿಲ್ಲ. ಕ್ಯಾಕ್ಟೇಸಿ ಅಮೆರಿಕ ಖಂಡಗಳ ಕುಟುಂಬ. ಕೊಲಂಬಸನ 1492ರ ಯಾನದ ನಂತರದ ಹಡಗು ಸಂಪರ್ಕದಿಂದಲೇ ಈ ಗಿಡ ಏಷ್ಯಕ್ಕೆ ಬಂದಿರಬೇಕು. ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಅದೇ ಕುಟುಂಬದ ರಿಪ್ಸಾಲಿಸ್ ಬ್ಯಾಕ್ಸಿಫೆರಾ ಎಂಬ ಅಪ್ಪುಗಿಡ ಆಫ್ರಿಕ, ಮಡಗಾಸ್ಕರ್, ಶ್ರೀಲಂಕಾಗಳಲ್ಲಿ ಕಾಡುಗಿಡವಾಗಿಯೇ ಬೆಳೆದಿರುವಾಗ, ಬ್ರಹ್ಮಕಮಲವೂ ತಾನಾಗಿ ಬಂದಿರಬಾರದೇಕೆ? ಆದರೆ ರಿಪ್ಸಾಲಿಸ್‌ನದು ಹಕ್ಕಿ ತಿಂದು ಸಾಗಿಸಬಲ್ಲ ಪುಟ್ಟ ಅಂಟುಹಣ್ಣು. ಬ್ರಹ್ಮಕಮಲವಾದರೋ ನಮ್ಮ ತೋಟಗಳಲ್ಲಿ ಕಾಯಿ ಕಟ್ಟುವುದೇ ಅಪರೂಪ. ಜನ ಕಾಂಡದ ತುಂಡು ನೆಟ್ಟು ಬೆಳೆಸುತ್ತಾರೆ, ನೆರೆಮನೆಗೂ ತುಂಡನ್ನೇ ಕೊಡುತ್ತಾರೆ. ಏಷ್ಯದಲ್ಲಿ ಇದರ ಹರಡುವಿಕೆ ಮನುಷ್ಯರ ಕೈಯಿಂದಾದದ್ದು ಎಂಬುದಕ್ಕೆ ಇದೇ ಬಲವಾದ ಆಧಾರ.

ಪರದೇಶದ ಗಿಡಕ್ಕೆ ಇಷ್ಟು ಪೂಜ್ಯತೆ ಹೇಗೆ ಬಂತು ಎಂಬುದು ಎರಡನೆಯ ಆಕ್ಷೇಪ. ದಸರೆಯಲ್ಲಿ ಆಯುಧಗಳಿಗೆ ಮುಡಿಸುವ ಚೆಂಡುಹೂವೂ ಮೆಕ್ಸಿಕೊದ್ದೇ, ಗುಡಿಯಂಗಳದ ದೇವಕಣಗಿಲೆಯೂ ಅಮೆರಿಕದ್ದೇ. ಭಕ್ತಿ ಹೂವಿನ ಹುಟ್ಟೂರನ್ನು ಕೇಳುವುದಿಲ್ಲ. ಹಾಗಾಗಿ ಪೂಜೆಯೊಂದೇ ಪ್ರಾಚೀನತೆಗೆ ಪುರಾವೆಯಾಗದು. ಜಾವಾದಲ್ಲಿಯೂ ಇದೇ ಗಿಡಕ್ಕೆ ಕೃಷ್ಣನ ಕಥೆಯ ವಿಜಯಕುಸುಮದ ಹೆಸರು ಅಂಟಿದೆ. ಕೇದಾರ, ಬದರಿಗಳಲ್ಲಿ ಅರ್ಪಿಸುವ ಬ್ರಹ್ಮಕಮಲವೇ ಬೇರೆ: ಅದು ಸೂರ್ಯಕಾಂತಿಯ ಕುಟುಂಬದ ಸಾಸೂರಿಯ ಆಬ್ವಲ್ಲಾಟ, ಉತ್ತರಾಖಂಡದ ರಾಜ್ಯಪುಷ್ಪ. ಅದನ್ನೂ ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಡಿ ಕ್ಯಾಂಡೋಲನೇ; ಅವನ ಕಣ್ಣಿಗೆ ಇವೆರಡೂ ಸಂಬಂಧವೇ ಇಲ್ಲದ ಸಸ್ಯಗಳು. ಈ ವಿವೇಚನೆ ಕೇವಲ ಪಾಂಡಿತ್ಯದ ಮಾತಲ್ಲ. ಹಿಮಾಲಯದ ಹೂ ಎತ್ತರದ ಇಳಿಜಾರುಗಳಲ್ಲಷ್ಟೇ ಬೆಳೆಯುತ್ತದೆ. ಪೂಜೆಗೂ ಔಷಧಕ್ಕೂ ಕಿತ್ತಷ್ಟು ಕ್ಷೀಣಿಸುತ್ತದೆ. ಮನೆಯ ಗಿಡವಾದರೋ ಒಂದು ತುಂಡಿನಿಂದಲೇ ಹೆಚ್ಚುತ್ತದೆ. ಎರಡನ್ನೂ ಒಂದೆಂದು ತಿಳಿದರೆ, ಅಂಗಳದ ಸಮೃದ್ಧಿಯನ್ನು ಕಂಡು ಬೆಟ್ಟದ ಹೂವಿಗೂ ಅಪಾಯವಿಲ್ಲವೆಂದು ಭಾವಿಸುವಂತಾಗುತ್ತದೆ.