ಒಂದೇ ಕಣ್ಣು ಕಾಣುವ ಮುಸುಕು

ದಿಲ್ಲಿಗೆ ಬಂದ ಹೊಸತರಲ್ಲಿ ನಮ್ಮ ಪಕ್ಕದ ಮನೆಯ ಸೊಸೆ, ಮಾವನ ಕೆಮ್ಮು ಕೇಳಿದರೆ ಸಾಕು, ಘೂಂಘಟ್ ಎಳೆದುಕೊಳ್ಳುತ್ತಿದ್ದಳು. ಮುಸುಕು ಅಂದರೆ ಹೆಣ್ಣನ್ನು ಕಟ್ಟಿಹಾಕುವುದು ಅಂತಲೇ ನಾನು ಅಂದುಕೊಂಡಿದ್ದೆ. ಆದರೆ ಮುಸುಕು ತೆಗೆಯಿರಿ ಅಂತ ಸರ್ಕಾರ, ಚರ್ಚು ಎರಡೂ ಗದರಿದರೂ ಹೆಂಗಸರು ಕೇಳದ ಊರೊಂದಿತ್ತು. ಅದು ಸ್ಪೇನಿನ ಆಳ್ವಿಕೆಯಲ್ಲಿದ್ದ ಪೆರುವಿನ ಲೀಮಾ.

ಅಲ್ಲಿ ಹೆಂಗಸರು ಬೀದಿಗೆ ಹೊರಟಾಗ ತೊಡುತ್ತಿದ್ದುದು ಎರಡು. ಸೊಂಟದಿಂದ ಕೆಳಗೆ ನೆರಿಗೆಯ ಲಂಗ, ಅದು ‘ಸಾಯಾ’. ಸೊಂಟದ ಹಿಂದೆ ಕಟ್ಟಿ, ಬೆನ್ನ ಮೇಲಿಂದ ತಲೆಗೆ ಎಳೆದು, ಮುಖದ ಮುಂದೆ ಕೈಯಲ್ಲಿ ಹಿಡಿದುಕೊಳ್ಳುವ ಕಪ್ಪು ಬಟ್ಟೆ ‘ಮಾಂತೊ’. ಕಾಣುವುದು ಒಂದೇ ಕಣ್ಣು! ಹೀಗೆ ಮುಚ್ಚಿಕೊಂಡವಳಿಗೆ ‘ತಪಾದಾ’ ಅಂತ ಹೆಸರು.

ಇದರಿಂದ ಸರ್ಕಾರಕ್ಕೇನು ಕಷ್ಟ ಅಂತೀರಾ? ಆ ಸಮಾಜದಲ್ಲಿ ಬಟ್ಟೆಯೇ ಗುರುತಿನ ಚೀಟಿ. ಆಫ್ರಿಕಾ ಮೂಲದ ಹೆಂಗಸರು ಚಿನ್ನ, ಮುತ್ತು, ರೇಷ್ಮೆ ತೊಡಬಾರದು ಅಂತ 1571ರಲ್ಲೇ ರಾಜಾಜ್ಞೆಯಾಗಿತ್ತು. ಸ್ಪೇನಿನವನನ್ನು ಮದುವೆಯಾದವಳಿಗೆ ಮಾತ್ರ ಕೊಂಚ ರಿಯಾಯಿತಿ. ಮುಸುಕಿನೊಳಗೆ ಇರುವವಳು ಯಾರು ಅಂತಲೇ ತಿಳಿಯದಿದ್ದರೆ ಈ ಮೇಲು ಕೀಳು ಅಳೆಯುವುದು ಹೇಗೆ? 1583ರಲ್ಲಿ ಲೀಮಾದ ಚರ್ಚ್ ಸಭೆ ಇದನ್ನು ಖಂಡಿಸಿತು. 1624ರಲ್ಲಿ ವೈಸ್‌ರಾಯ್ ನಿಷೇಧಿಸಿದ. ಇಂಥದೇ ಮುಸುಕನ್ನು ದೊರೆ ನಾಲ್ಕನೇ ಫಿಲಿಪ್ ಸ್ಪೇನಿನಲ್ಲೂ 1639ರಲ್ಲಿ ನಿಷೇಧಿಸಿದ. ಲೀಮಾದ ಹೆಂಗಸರು ಯಾವುದಕ್ಕೂ ಜಗ್ಗಲಿಲ್ಲ.

1821ರಲ್ಲಿ ಪೆರು ಸ್ವಾತಂತ್ರ್ಯ ಘೋಷಿಸಿಕೊಂಡಿತು, ಮಾಂತೊ ಮಾತ್ರ ಉಳಿಯಿತು. 1834ರಲ್ಲಿ ಲೀಮಾಕ್ಕೆ ಬಂದ ಫ್ರೆಂಚ್ ಲೇಖಕಿ ಫ್ಲೋರಾ ತ್ರಿಸ್ತಾನ್, ಇಷ್ಟು ಸ್ವತಂತ್ರ ಹೆಂಗಸರನ್ನು ಬೇರೆಲ್ಲೂ ಕಾಣೆ ಎಂಬರ್ಥದಲ್ಲಿ ಬರೆದಳು. ಒಬ್ಬಳೇ ಎಲ್ಲಿಗೆ ಬೇಕಾದರೂ ಹೋಗಬಹುದು, ಎದುರಿಗೆ ಬಂದ ಗಂಡನಿಗೂ ಗುರುತು ಸಿಗದು! ಆದರೆ ಈ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಅದೇ ಊರಿನಲ್ಲಿ ಗುಲಾಮರೂ ಇದ್ದರು, ಪೆರುವಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1854ರಲ್ಲಿ.

ಕಾನೂನಿಗೆ ಬಗ್ಗದ ಮಾಂತೊ, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಪ್ಯಾರಿಸ್ ಫ್ಯಾಷನ್ ಬಂದಾಗ ತಾನಾಗಿಯೇ ಮರೆಯಾಯಿತು. ಈಗ ಅದು ಉಳಿದಿರುವುದು ಪಾಂಚೊ ಫಿಯೆರ್ರೊನಂಥವರ ಜಲವರ್ಣ ಚಿತ್ರಗಳಲ್ಲಿ.

ಇದನ್ನೆಲ್ಲ ಓದಿದ ಮೇಲೆ ಎಲ್ಲಿ ಮುಸುಕು ಕಂಡರೂ, ಎಳೆದುಕೋ ಅಂತ ಹೇಳಿದವರು ಯಾರು, ತೆಗೆ ಅಂತ ಹೇಳುತ್ತಿರುವವರು ಯಾರು ಅಂತ ಮೊದಲು ಯೋಚನೆ ಬರುತ್ತದೆ. ಪಕ್ಕದ ಮನೆಯ ಆ ಸೊಸೆಯನ್ನು ಮಾತ್ರ ನಾನು ಒಂದು ದಿನವೂ ಕೇಳಲಿಲ್ಲ.