ಸೀಸದ ಫಲಕದಿಂದ ಲಿಥಿಯಂವರೆಗೆ: ಕ್ಯಾರವಾನ್ ಬ್ಯಾಟರಿಯೂ ತಾಪಮಾನವೂ



ಶಾಲೆಗೆ ರಜೆ ಬಂದೊಡನೆ ಕ್ಯಾರವಾನನ್ನು ಕಾರಿಗೆ ಕಟ್ಟಿಕೊಂಡು ಹ್ಯೂಮ್ ಹೆದ್ದಾರಿ ಹಿಡಿಯುವ ಕುಟುಂಬಗಳು ನಮ್ಮಲ್ಲಿ ಅನೇಕ. ಸಿಡ್ನಿ ಮತ್ತು ಮೆಲ್ಬರ್ನ್ ನಡುವಣ ಸುಮಾರು 870 ಕಿಲೋಮೀಟರ್ ಹಾದಿಯಲ್ಲಿ ದೀಪ, ನೀರಿನ ಪಂಪು, ಫ್ರಿಜ್ಜು ಇವೆಲ್ಲ ನಡೆಯುವುದು ಬ್ಯಾಟರಿಯ ಬಲದಿಂದ. ಊರಿನಿಂದ ಬಂದ ತಂದೆತಾಯಿಯರ ಇನ್ಸುಲಿನ್ ಆ ಫ್ರಿಜ್ಜಿನಲ್ಲಿದ್ದರೆ ಬ್ಯಾಟರಿಯ ಆರೋಗ್ಯವು ವೈದ್ಯರ ವಿಚಾರವೂ ಆಗುತ್ತದೆ. ಆದುದರಿಂದ ನಾವು ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

1800ರಲ್ಲಿ ಇಟಲಿಯ ವೋಲ್ಟಾ ರಚಿಸಿದ ವಿದ್ಯುತ್ಕೋಶವು ಒಮ್ಮೆ ಬರಿದಾದರೆ ಮುಗಿಯಿತು. ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ರಚಿಸಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. 1859ರಲ್ಲಿ ಅವನು ಸೀಸದ ಎರಡು ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದನು. 1881ರಲ್ಲಿ ಕಮಿಲ್ ಫೋರ್ ಸೀಸಕ್ಕೆ ಆಕ್ಸೈಡಿನ ಲೇಪ ಬಳಿದು ಅದರ ಶಕ್ತಿಯನ್ನು ಹೆಚ್ಚಿಸಿದನು. ಊರಿನಲ್ಲಿ ಸ್ಕೂಟರಿಗೂ ಕಾರಿಗೂ ನಾವು ಡಿಸ್ಟಿಲ್ಡ್ ವಾಟರ್ ಹಾಕಿಸುತ್ತಿದ್ದುದು ಇದರ ಸಂತತಿಗೇ.

ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಸೂತ್ರಬದ್ಧಗೊಳಿಸಿದನು. ಜ್ವರ ಬಂದಾಗ ದೇಹದ ಚಯಾಪಚಯ ಏರುವಂತೆ ಬಿಸಿಲಿನಲ್ಲಿ ಬ್ಯಾಟರಿಯ ಒಳಗಿನ ಕ್ರಿಯೆಗಳೂ ಏರುತ್ತವೆ; ಸವೆತವೂ ಏರುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುವುದೆಂಬುದು ಬಲ್ಲವರ ಲೆಕ್ಕ.

ನಮ್ಮ ಹಾದಿಯ ಹವೆಯಾದರೋ ವಿಪರೀತ. 2009ರ ಫೆಬ್ರವರಿ 7ರಂದು ಮೆಲ್ಬರ್ನ್ 46.4 ಡಿಗ್ರಿ ಕಂಡಿತು; 2020ರ ಜನವರಿ 4ರಂದು ಸಿಡ್ನಿಯ ಪೆನ್ರಿತ್ 48.9 ಡಿಗ್ರಿಗೆ ಕಾದಿತು. ಎರಡು ನಗರಗಳ ನಡುವಣ ಹಿಮಪರ್ವತಗಳಲ್ಲಿ, ಶಾರ್ಲಟ್ ಪಾಸಿನಲ್ಲಿ, 1994ರ ಜೂನ್ 29ರಂದು ಉಷ್ಣತೆ ಸೊನ್ನೆಗಿಂತ 23 ಡಿಗ್ರಿ ಕೆಳಗಿಳಿದಿತ್ತು. ತುಂಬಿದ ಸೀಸದ ಬ್ಯಾಟರಿ ಅಂಥ ಚಳಿಯಲ್ಲೂ ಹೆಪ್ಪುಗಟ್ಟದು. ಬರಿದಾದದ್ದರಲ್ಲಿ ನೀರಿನಂಶವೇ ಹೆಚ್ಚಾದುದರಿಂದ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಒಡೆಯಬಹುದು.

ಈ ತೊಡಕನ್ನು ಇಲ್ಲಿನ ವಿಜ್ಞಾನಿಗಳೂ ಎದುರಿಸಿದರು. 1980ರ ದಶಕದಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಮರಿಯಾ ಸ್ಕಿಲ್ಲಸ್-ಕಜಾಕೊಸ್ ಮತ್ತು ಸಂಗಡಿಗರು ವೆನೇಡಿಯಂ ದ್ರಾವಣದ ಬ್ಯಾಟರಿಯನ್ನು ರೂಪಿಸಿದರು. ಅದರ ದ್ರಾವಣವೂ ಸುಮಾರು 10ರಿಂದ 40 ಡಿಗ್ರಿಯೊಳಗೇ ಸ್ಥಿರ. ಆ ಮಿತಿ ಮೀರಿದರೆ ಲವಣ ಗರಣೆಗಟ್ಟುತ್ತದೆ. ಮೆಲ್ಬರ್ನಿನಲ್ಲಿ ಸಿ.ಎಸ್.ಐ.ಆರ್.ಓ. ಸಂಸ್ಥೆಯ ವಿಜ್ಞಾನಿಗಳು ಸೀಸದ ಬ್ಯಾಟರಿಗೆ ಸೂಪರ್ ಕೆಪಾಸಿಟರನ್ನು ಬೆಸೆದು ‘ಅಲ್ಟ್ರಾಬ್ಯಾಟರಿ’ಯನ್ನು ನಿರ್ಮಿಸಿದರು. ಇಂದು ಕ್ಯಾರವಾನುಗಳಲ್ಲಿ ಹೆಚ್ಚುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಮೂಲ ಅಮೆರಿಕದ ಟೆಕ್ಸಾಸಿನಲ್ಲಿ ಜಾನ್ ಗುಡ್‌ಎನಫ್ ತಂಡ 1997ರಲ್ಲಿ ಪ್ರಕಟಿಸಿದ ಸಂಶೋಧನೆ.

ಈ ಇತಿಹಾಸದಿಂದ ಗೃಹಸ್ಥರು ಕಲಿಯಬೇಕಾದುದು ಇಷ್ಟು. ಸೀಸದ 12 ವೋಲ್ಟ್ ಬ್ಯಾಟರಿಗೆ 25 ಡಿಗ್ರಿಯಲ್ಲಿ 14.4 ವೋಲ್ಟ್ ಚಾರ್ಜು ತಕ್ಕುದಾದರೆ, 45 ಡಿಗ್ರಿಯಲ್ಲಿ ಸುಮಾರು ಅರ್ಧ ವೋಲ್ಟ್ ಕಡಿಮೆಯೂ ಸೊನ್ನೆಯಲ್ಲಿ ಅದಕ್ಕಿಂತ ತುಸು ಹೆಚ್ಚೂ ಬೇಕು. ಉಷ್ಣತೆಯನ್ನು ಅಳೆದು ತಾನೇ ಹೊಂದಿಸಿಕೊಳ್ಳುವ ಚಾರ್ಜರು ಶ್ರೇಯಸ್ಕರ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜು ಕೊಡಲೇಬಾರದು. ಲಿಥಿಯಂ ಬ್ಯಾಟರಿ ಸೊನ್ನೆಗಿಂತ ಕೆಳಗೆ ಶಕ್ತಿ ಕೊಟ್ಟೀತು, ಚಾರ್ಜನ್ನು ಒಪ್ಪದು. ಬಲವಂತ ಮಾಡಿದರೆ ಒಳಗೆ ಲೋಹ ಕೂಡಿ ಶಾಶ್ವತ ಹಾನಿಯಾಗುತ್ತದೆ. ಸೀಸದ ಬ್ಯಾಟರಿಯಿಂದ ಚಾರ್ಜಿನ ವೇಳೆ ಹೊಮ್ಮುವ ಜಲಜನಕ ಸಿಡಿಯಬಲ್ಲದು. ಮಕ್ಕಳು ಮಲಗುವ ಕಡೆ ಅದು ಸೇರದಂತೆ ಗಾಳಿಗೆ ದಾರಿಯಿರಲಿ.

ಇನ್ಸುಲಿನ್ ಬೇಡುವುದು 2ರಿಂದ 8 ಡಿಗ್ರಿ, ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಹೊರಡುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸಿ, ಫ್ರಿಜ್ಜಿನಲ್ಲೊಂದು ಉಷ್ಣಮಾಪಕವನ್ನಿಟ್ಟು, ಔಷಧಿಗೆ ಬೇರೊಂದು ತಂಪು ಚೀಲವನ್ನೂ ಜೊತೆಗಿಟ್ಟುಕೊಳ್ಳಬೇಕೆಂದು ವಿನಂತಿಸಿ ವಿರಮಿಸುತ್ತೇವೆ.